ಮನೆಯ ಗಣಕಕ್ಕೆ ಕಾವಲು: ಮೋಡೆಮ್ ಆರಿಸುವ ಬಗೆ

(ಶಾಲೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕಲ್ಹೇರಿನಿಂದ ಹೋಗಿ ಬೀದರಿನ ಕೋಟೆಯನ್ನು ನೋಡಿ ಬಂದವರು ನಮ್ಮಲ್ಲಿ ಅನೇಕರಿರುವಿರಿ. ಅಲ್ಲಿ ಬಂಡೆಯನ್ನು ಕಡಿದು ತೋಡಿದ ಮೂರು ಸಾಲಿನ ಕಂದಕವಿದೆ, ಅದನ್ನು ದಾಟುವ ಹಾದಿಯಿದೆ, ಆಮೇಲೆ ಹೆಬ್ಬಾಗಿಲಿದೆ. ಹಾದಿಯ ಕೆಲಸ ದಾಟಿಸುವುದು. ಬಾಗಿಲ ಕಾವಲುಗಾರನ ಕೆಲಸ ಬಂದವನನ್ನು ವಿಚಾರಿಸುವುದು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ನನ್ನ ಮಾತು ಸುಲಭವಾಗಿ ತಿಳಿಯುವುದು.

ಅಂತರಜಾಲದ ತಂತಿಯಲ್ಲಿ ಬರುವ ಸಂಕೇತಗಳನ್ನು ಗಣಕಕ್ಕೆ ಅರ್ಥವಾಗುವಂತೆ ಮಾರ್ಪಡಿಸುವ ಪೆಟ್ಟಿಗೆಯೇ ಮೋಡೆಮ್; ಅದು ಹಾದಿ. ಬಂದುದರಲ್ಲಿ ಯಾವುದನ್ನು ಒಳಗೆ ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ನಿರ್ಣಯಿಸುವುದು ಫೈರ್‌ವಾಲ್, ಅದು ಕಾವಲುಗಾರ.

ಇಂಥ ಕಾವಲು ಏಕೆ ಬೇಕೆಂದು ಕೇಳುವಿರಿ. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶವು, ಕಾರ್ಖಾನೆಯವರು ಇಟ್ಟ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟಿದ್ದ ಕ್ಯಾಮರಾ, ರೂಟರುಗಳನ್ನು ಹೊಕ್ಕಿತು. ಅವುಗಳ ಬಲದಿಂದಲೇ ಅಕ್ಟೋಬರ್ 21ರಂದು ಅನೇಕ ಪ್ರಸಿದ್ಧ ಜಾಲತಾಣಗಳು ಕೆಲವು ಗಂಟೆಗಳ ಕಾಲ ದೊರೆಯದಂತಾದುವು. ತಮ್ಮ ಮನೆಯ ಪೆಟ್ಟಿಗೆ ಪರರ ಊಳಿಗ ಮಾಡುತ್ತಿರುವುದು ಒಡೆಯರಿಗೇ ತಿಳಿದಿರಲಿಲ್ಲ. ಇಂದು ರೈತನ ಬ್ಯಾಂಕಿನ ವ್ಯವಹಾರವೂ ಮಗಳ ಪರೀಕ್ಷೆಯ ಅರ್ಜಿಯೂ ಇದೇ ಹಾದಿಯಲ್ಲಿ ಸಾಗುತ್ತಿರುವಾಗ ನಾವು ಉದಾಸೀನರಾಗಿರುವುದು ಸಲ್ಲದು.

ಹಳೆಯ ಗಣಕವೊಂದಕ್ಕೆ ಎರಡು ನೆಟ್‌ವರ್ಕ್ ಕಾರ್ಡುಗಳನ್ನು, ಒಂದು ಹೊರಗಿಗೆ, ಒಂದು ಮನೆಯೊಳಗಿಗೆ, ಜೋಡಿಸಿ, ಉಚಿತವಾಗಿ ದೊರೆಯುವ ಐಪಿಫೈರ್, ಒಪಿಎನ್‌ಸೆನ್ಸ್ ಮುಂತಾದ ತಂತ್ರಾಂಶವನ್ನು ಹಾಕಿದರೆ ಅದೇ ಕಾವಲು ಗಣಕವಾಗುತ್ತದೆ. ಆದರೆ ಅದರ ಮುಂದೆ ಯಾವ ಮೋಡೆಮ್ ಇರಬೇಕು?

ನಾನು ಮೊದಲು ಅಗ್ಗವೆಂದು ಯುಎಸ್‌ಬಿ ಮೋಡೆಮೊಂದನ್ನು ತಂದೆನು. ಅದರ ಚಾಲಕ ತಂತ್ರಾಂಶವು ವಿಂಡೋಸಿಗೆ ಮಾತ್ರವಿದ್ದಿತು; ಕಾವಲು ಗಣಕವು ಅದನ್ನು ಗುರುತಿಸಲೇ ಇಲ್ಲ. ಎರಡು ಭಾನುವಾರಗಳೂ ಹಣವೂ ವ್ಯರ್ಥವಾದುವು. ಆದುದರಿಂದ ಮೊದಲನೆಯ ಸೂತ್ರ: ಮೋಡೆಮ್ ಗಣಕದ ಹೊರಗಿರಲಿ, ಈಥರ್ನೆಟ್ ತಂತಿಯಿಂದ ಕೂಡಲಿ. ಆಗ ಚಾಲಕ ತಂತ್ರಾಂಶದ ತೊಡಕಿಲ್ಲ.

ಎರಡನೆಯದು, ಅದನ್ನು ‘ಬ್ರಿಜ್’ ಸ್ಥಿತಿಗೆ ತರಲು ಸಾಧ್ಯವಿರಬೇಕು. ಬ್ರಿಜ್ ಎಂದರೆ ಸೇತುವೆಯೇ. ಹಾಗಿಲ್ಲದಿದ್ದರೆ ಮೋಡೆಮೂ ಕಾವಲುಗಾರನಾಗಲು ಹೊರಟು, ಒಂದು ಬಾಗಿಲಿಗೆ ಇಬ್ಬರು ನಿಂತು, ಹೊರಗಿನಿಂದ ಮನೆಯ ಗಣಕವನ್ನು ತಲುಪುವುದೇ ಮೊದಲಾದ ಕೆಲಸಗಳು ಕೆಡುತ್ತವೆ.

ಮೂರನೆಯದು, ಮನೆಗೆ ಬಂದಿರುವ ತಂತಿ ಯಾವುದೆಂದು ನೋಡಬೇಕು. ದೂರವಾಣಿಯ ತಾಮ್ರದ ತಂತಿಗೆ ಎಡಿಎಸ್‌ಎಲ್ ಮೋಡೆಮ್ ಬೇಕು. ಅದರ ಉತ್ತಮ ಬಗೆಯಲ್ಲಿಯೂ ವೇಗ 24 ಮೆಗಾಬಿಟ್‌ಗಳನ್ನು ಮೀರದು, ವಿನಿಮಯ ಕೇಂದ್ರ ದೂರವಾದಷ್ಟೂ ಇಳಿಯುತ್ತದೆ. ಸಿಡಿಲಿನ ಹೊಡೆತವೂ ಆ ತಂತಿಯಲ್ಲಿ ಒಳಬರಬಹುದು. ರಕ್ಷಕ ಸಾಧನವನ್ನು ಮರೆಯಬಾರದು. ಬೆಳಕಿನ ಎಳೆಯಾದ ಫೈಬರಿಗೆ ‘ಒಎನ್‌ಟಿ’ ಎಂಬ ಪೆಟ್ಟಿಗೆ ಬೇಕು. ಅದನ್ನು ಸಾಮಾನ್ಯವಾಗಿ ಕಂಪನಿಯವರೇ ಕೊಟ್ಟು ತಮ್ಮಲ್ಲಿ ನೋಂದಾಯಿಸುವರು. ಅಂಗಡಿಯಿಂದ ಮನಬಂದುದನ್ನು ತಂದು ಹಾಕಿದರೆ ನಡೆಯದು. ಆದುದರಿಂದ ಸಂಪರ್ಕ ಪಡೆಯುವ ಮುನ್ನವೇ “ಬ್ರಿಜ್ ಸ್ಥಿತಿಗೆ ಹಾಕಿಕೊಡುವಿರಾ?” ಎಂದು ಕೇಳಿರಿ.

ವಿದ್ಯುತ್ತಿನ ಲೆಕ್ಕವನ್ನೂ ಹಾಕಿರಿ. 60 ವ್ಯಾಟ್ ಬಳಸುವ ಹಳೆಯ ಗಣಕವು ಹಗಲಿರುಳೂ ನಡೆದರೆ ತಿಂಗಳಿಗೆ 43 ಯೂನಿಟ್ ಆಗುವುದು. 10 ವ್ಯಾಟಿನ ಸಣ್ಣ ಗಣಕಕ್ಕೆ 7 ಯೂನಿಟ್ ಸಾಕು. ಪುಕ್ಕಟೆ ದೊರೆತ ಹಳೆಯ ಯಂತ್ರವು ಕೊನೆಗೆ ದುಬಾರಿಯಾಗಬಹುದು.

ಇಷ್ಟಾದರೂ ಕಾವಲುಗಾರನಿಗೆ ಮಿತಿಯುಂಟು. ಮನೆಯವರೇ ದೂರವಾಣಿಯಲ್ಲಿ ಅಪರಿಚಿತನಿಗೆ ಒಟಿಪಿ ಹೇಳಿಬಿಟ್ಟರೆ ಯಾವ ಫೈರ್‌ವಾಲೂ ತಡೆಯಲಾರದು. ಹಾಗೆ ಹಣ ಹೋದರೆ ನಾಚಿಕೊಂಡು ಸುಮ್ಮನಿರದೆ ಕೂಡಲೆ 1930ಕ್ಕೆ ಕರೆ ಮಾಡಿರಿ.

ಪ್ರಿಯ ವಿದ್ಯಾರ್ಥಿಗಳೆ, ನೀವು ಕನ್ನಡದಲ್ಲಿ ಓದಿ, ಪೇಟೆಯಲ್ಲಿ ತೆಲುಗಿನಲ್ಲಿ ವ್ಯವಹರಿಸಿ, ಪೆಟ್ಟಿಗೆಯ ಮೇಲಿನ ಇಂಗ್ಲಿಷನ್ನು ಹಿರಿಯರಿಗೆ ಬಿಡಿಸಿ ಹೇಳಬಲ್ಲವರು. ಕಾವಲು ಗಣಕವನ್ನು ಇಂದೇ ಕಟ್ಟಲಾಗದಿದ್ದರೂ ಚಿಂತೆಯಿಲ್ಲ. ಈ ಸಂಜೆ ಮನೆಗೆ ಹೋಗಿ, ತಂದೆತಾಯಿಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೋಡೆಮಿನ ಹಳೆಯ ಪಾಸ್‌ವರ್ಡನ್ನು ಬದಲಿಸಿರಿ. ಹೊಸದನ್ನು ಅವರ ವಹಿಯಲ್ಲಿ ಬರೆದಿಡಿರಿ.