ವೇಳಾಪಟ್ಟಿಯ ಹಿಂದಿನ ಲೆಕ್ಕ



ಪದವಿ ಪರೀಕ್ಷೆಯ ವೇಳಾಪಟ್ಟಿ ಬಂತೆಂದರೆ, ಹುಬ್ಬಳ್ಳಿ ತಾಲ್ಲೂಕಿನ ಸುಳ್ಳದಂಥ ಊರಿನ ವಿದ್ಯಾರ್ಥಿ ಮೊದಲು ನೋಡುವುದು ಪೇಪರ್ ಬೆಳಿಗ್ಗೆಯೋ ಮಧ್ಯಾಹ್ನವೋ ಎಂಬುದನ್ನು. ಸುಳ್ಳದಿಂದ ಹುಬ್ಬಳ್ಳಿಗೆ ಒಂದು ಬಸ್ಸು, ಕಾಲೇಜು ಧಾರವಾಡದ ಕಡೆ ಇದ್ದರೆ ಅಲ್ಲಿಂದ ಮತ್ತೆ ಚಿಗರಿ ಬಸ್ಸು. ಬೆಳಗಿನ ಪೇಪರ್ ಎಂದರೆ ಮನೆಯಲ್ಲಿ ಅಡುಗೆಯ ಹೊತ್ತೂ ಬದಲಾಗುತ್ತದೆ. ಎರಡು ಪೇಪರಿನ ನಡುವೆ ಎಷ್ಟು ದಿನ ಬಿಡುವು ಸಿಕ್ಕಿತು ಎಂಬುದು ಆಮೇಲಿನ ಮಾತು. ಇಷ್ಟೆಲ್ಲ ನಿರ್ಧರಿಸುವ ಆ ಒಂದು ಹಾಳೆ ತಯಾರಾಗುವುದು ಹೇಗೆ? ಡಿಸ್ಕ್ರೀಟ್ ಮ್ಯಾಥಮ್ಯಾಟಿಕ್ಸ್, ಅಂದರೆ ವಿವಿಕ್ತ ಗಣಿತ ಓದುವವರಿಗೆ ಈ ಪ್ರಶ್ನೆಯ ಉತ್ತರ ಅವರ ವಿಷಯದೊಳಗೇ ಇದೆ. ಅದನ್ನು ಬಿಡಿಸಲು ಕಲಿತವರಿಗೆ ಆ ಪರೀಕ್ಷೆಯ ತಯಾರಿಯೂ ಅರ್ಧ ಮುಗಿದಂತೆ ಎಂಬುದು ನನ್ನ ನಂಬಿಕೆ.

ಕೈಗೆ ಸಿಕ್ಕಿದರೆ ಒಂದು ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ವಿಜ್ಞಾನ ಪದವಿಯ ಏಳು ವಿಷಯಗಳಿಗೆ ಏಳು ಚುಕ್ಕಿ ಇಡಿ: ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಕಂಪ್ಯೂಟರ್, ಸಂಖ್ಯಾಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ. ಯಾವುದೇ ಎರಡು ವಿಷಯಗಳನ್ನು ಒಬ್ಬನೇ ವಿದ್ಯಾರ್ಥಿ ಓದುತ್ತಿದ್ದರೂ ಸಾಕು, ಆ ಎರಡು ಚುಕ್ಕಿಗಳನ್ನು ಗೆರೆಯಿಂದ ಕೂಡಿಸಿ. ಗೆರೆ ಇದ್ದಲ್ಲಿ ಎರಡೂ ಪರೀಕ್ಷೆಗಳನ್ನು ಒಂದೇ ಹೊತ್ತಿಗೆ ಇಡುವಂತಿಲ್ಲ. ನಮ್ಮ ಕಾಲೇಜಿನಲ್ಲಿ ನಾಲ್ಕೇ ಕಾಂಬಿನೇಷನ್ ಇವೆ ಎಂದುಕೊಳ್ಳೋಣ. ಭೌತ-ರಸಾಯನ-ಗಣಿತ ಒಂದು, ಭೌತ-ಗಣಿತ-ಕಂಪ್ಯೂಟರ್ ಇನ್ನೊಂದು, ಗಣಿತ-ಸಂಖ್ಯಾಶಾಸ್ತ್ರ-ಕಂಪ್ಯೂಟರ್ ಮೂರನೆಯದು, ರಸಾಯನ-ಸಸ್ಯ-ಪ್ರಾಣಿ ನಾಲ್ಕನೆಯದು. ಗೆರೆ ಎಳೆದು ಮುಗಿಸಿದರೆ ನಿಮ್ಮ ಮುಂದಿರುವುದೇ ಗ್ರಾಫ್.

ಈಗ ದಿನಕ್ಕೆ ಒಂದೇ ಹೊತ್ತು ಪರೀಕ್ಷೆ ಎಂದುಕೊಂಡು, ದಿನಕ್ಕೊಂದು ಬಣ್ಣ. ಗೆರೆಯಿಂದ ಕೂಡಿದ ಎರಡು ಚುಕ್ಕಿಗಳಿಗೆ ಒಂದೇ ಬಣ್ಣ ಬರಕೂಡದು. ಮೊದಲ ದಿನ ಗಣಿತ ಮತ್ತು ಸಸ್ಯಶಾಸ್ತ್ರ, ಎರಡನೆಯ ದಿನ ಭೌತ, ಸಂಖ್ಯಾಶಾಸ್ತ್ರ ಮತ್ತು ಪ್ರಾಣಿಶಾಸ್ತ್ರ, ಮೂರನೆಯ ದಿನ ರಸಾಯನ ಮತ್ತು ಕಂಪ್ಯೂಟರ್. ಏಳು ವಿಷಯ ಮೂರೇ ದಿನದಲ್ಲಿ ಮುಗಿದವು, ಯಾರಿಗೂ ಘರ್ಷಣೆ ಇಲ್ಲ. ಎರಡೇ ದಿನದಲ್ಲಿ ಮುಗಿಸಬಹುದೇ? ಸಾಧ್ಯವಿಲ್ಲ. ಭೌತ, ರಸಾಯನ, ಗಣಿತ ಮೂರೂ ಒಂದಕ್ಕೊಂದು ಕೂಡಿಕೊಂಡಿವೆ; ಅವಕ್ಕೇ ಮೂರು ದಿನ ಬೇಕು.

ಈಗ ನೋಡಿ. ಭೌತ-ರಸಾಯನ-ಗಣಿತ ಓದುವ ಒಬ್ಬ ವಿದ್ಯಾರ್ಥಿನಿ ಕಂಪ್ಯೂಟರ್ ಪೇಪರನ್ನೂ ಆಯ್ದುಕೊಂಡಳು ಎನ್ನೋಣ. ಕಾಗದದ ಮೇಲೆ ಹೆಚ್ಚಾಗುವುದು ಒಂದೇ ಗೆರೆ, ರಸಾಯನದಿಂದ ಕಂಪ್ಯೂಟರಿಗೆ. ಆದರೆ ಆ ಒಂದು ಗೆರೆಯಿಂದ ಭೌತ, ರಸಾಯನ, ಗಣಿತ, ಕಂಪ್ಯೂಟರ್ ನಾಲ್ಕೂ ಪರಸ್ಪರ ಕೂಡಿಕೊಂಡವು. ಇನ್ನು ಮೂರು ದಿನದ ಮಾತೇ ಇಲ್ಲ, ನಾಲ್ಕು ದಿನ ಬೇಕೇ ಬೇಕು. ಒಬ್ಬಳ ಆಯ್ಕೆಯಿಂದ ಇಡೀ ಕಾಲೇಜಿನ ಪರೀಕ್ಷೆ ಒಂದು ದಿನ ಬೆಳೆಯಿತು. ಹಿಂದಿನ ಸೆಮಿಸ್ಟರಿನ ಬ್ಯಾಕ್ ಉಳಿಸಿಕೊಂಡವರಿಂದಲೂ ಹೀಗೇ ಗೆರೆಗಳು ಹೆಚ್ಚುತ್ತವೆ. ಕರ್ನಾಟಕದಲ್ಲಿ 2021-22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಪದವಿ ತರಗತಿಗಳು ನಡೆದಾಗ ಮುಕ್ತ ಆಯ್ಕೆಯ ವಿಷಯಗಳು ಬಂದವು. ವಿಜ್ಞಾನದವರು ವಾಣಿಜ್ಯದ ಪೇಪರ್ ತೆಗೆದುಕೊಂಡರು, ಕಲಾ ವಿಭಾಗದವರು ಕಂಪ್ಯೂಟರ್ ತೆಗೆದುಕೊಂಡರು. 2024ರಲ್ಲಿ ರಾಜ್ಯ ಆ ನೀತಿಯನ್ನು ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ನೀತಿಯ ಗುಣದೋಷ ಇಲ್ಲಿ ನನ್ನ ವಿಷಯವಲ್ಲ. ಆಯ್ಕೆ ಹೆಚ್ಚಿದಷ್ಟೂ ಗ್ರಾಫ್ ದಟ್ಟವಾಗುತ್ತದೆ, ವೇಳಾಪಟ್ಟಿ ಉದ್ದವಾಗುತ್ತದೆ ಎಂಬುದನ್ನು ಮಾತ್ರ ಗಮನಿಸಿ.

ಏಳು ಚುಕ್ಕಿಗಳಿಗೆ ಕೈಯಲ್ಲೇ ಬಣ್ಣ ಹಚ್ಚಬಹುದು. ನೂರಾರು ವಿಷಯಗಳಿದ್ದರೆ? 1967ರಲ್ಲಿ ವೆಲ್ಶ್ ಮತ್ತು ಪೊವೆಲ್ ಎಂಬಿಬ್ಬರು ವೇಳಾಪಟ್ಟಿಯನ್ನೇ ಕಣ್ಣ ಮುಂದಿಟ್ಟುಕೊಂಡು ಒಂದು ಪ್ರಬಂಧ ಬರೆದರು. ಅವರ ದಾರಿ ಸರಳ: ಅತಿ ಹೆಚ್ಚು ಗೆರೆಗಳಿರುವ ವಿಷಯವನ್ನು ಮೊದಲು ಕೂರಿಸಿ, ಆಮೇಲೆ ಇಳಿಕೆಯ ಕ್ರಮದಲ್ಲಿ ಬನ್ನಿ. ಪಟ್ಟಿ ಬೇಗ ಸಿದ್ಧವಾಗುತ್ತದೆ, ಆದರೆ ಅದೇ ಅತ್ಯಂತ ಚಿಕ್ಕ ಪಟ್ಟಿ ಎಂಬ ಭರವಸೆ ಇಲ್ಲ. 1972ರಲ್ಲಿ ಕಂಪ್ಯೂಟರ್ ವಿಜ್ಞಾನಿ ರಿಚರ್ಡ್ ಕಾರ್ಪ್ ಕೊಟ್ಟ 21 ಕಠಿಣ ಸಮಸ್ಯೆಗಳ ಪಟ್ಟಿಯಲ್ಲಿ ಈ ಬಣ್ಣ ಹಚ್ಚುವ ಸಮಸ್ಯೆಯೂ ಸೇರಿದೆ. ಎಲ್ಲ ಸಂದರ್ಭಕ್ಕೂ ಬೇಗನೆ ನಿಖರ ಉತ್ತರ ಕೊಡುವ ವಿಧಾನ ಇಂದಿಗೂ ಯಾರಿಗೂ ಸಿಕ್ಕಿಲ್ಲ. ಅಂಥದೊಂದು ವಿಧಾನ ಇರಲಾರದು ಎಂದೂ ಯಾರೂ ಸಾಧಿಸಿಲ್ಲ. ಪರೀಕ್ಷಾ ವಿಭಾಗದವರ ಮೇಜಿನ ಮೇಲೆ ಕುಳಿತಿರುವ ಕೆಲಸ ಇಷ್ಟು ಆಳದ್ದು.

ಗ್ರಾಫ್ ಸಿದ್ಧಾಂತ ನಮ್ಮ ಭಾಗಕ್ಕೆ ಹೊಸದೂ ಅಲ್ಲ, ದೂರದ್ದೂ ಅಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ದುಡಿದ ಇ. ಸಂಪತ್‌ಕುಮಾರ್ ಮತ್ತು ಎಚ್.ಬಿ. ವಾಲೀಕಾರ 1979ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಗ್ರಾಫಿನಲ್ಲಿ ಕೆಲವೇ ಚುಕ್ಕಿಗಳನ್ನು ಆರಿಸಬೇಕು; ಉಳಿದ ಪ್ರತಿ ಚುಕ್ಕಿಗೂ ಆರಿಸಿದ ಯಾವುದಾದರೂ ಒಂದರ ನೇರ ಸಂಪರ್ಕ ಇರಬೇಕು; ಆರಿಸಿದವುಗಳ ಮೂಲಕವೇ ಒಂದರಿಂದ ಇನ್ನೊಂದಕ್ಕೆ ಗೆರೆಗಳ ದಾರಿಯೂ ಇರಬೇಕು. ಹಾಗೆ ಆರಿಸಲು ಕನಿಷ್ಠ ಎಷ್ಟು ಚುಕ್ಕಿ ಬೇಕು ಎಂಬುದು ಅವರ ಪ್ರಶ್ನೆ. ತಂತಿಯಿಲ್ಲದ ಸಂಪರ್ಕ ಜಾಲಗಳು ಬಂದ ಮೇಲೆ ಜಗತ್ತಿನ ಎಂಜಿನಿಯರುಗಳಿಗೆ ಬೇಕಾದದ್ದು ಇದೇ ಕಲ್ಪನೆ. ವಾಲೀಕಾರರು ಮುಂದೆ ಅದೇ ವಿಶ್ವವಿದ್ಯಾಲಯದ ಕುಲಪತಿಯಾದರು. ವಿವಿಕ್ತ ಗಣಿತದ ಇನ್ನೊಂದು ಭಾಗವಾದ ಎಣಿಕೆಗೆ ಬಂದು ಇನ್ನೂ ಹಿಂದಕ್ಕೆ ಹೋದರೆ, ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ವಿಕಲ್ಪಗಳ ಸಾಮಾನ್ಯ ಸೂತ್ರವನ್ನೇ ಕೊಟ್ಟಿದ್ದಾನೆ. ಆರು ರಸಗಳನ್ನು ಬೆರೆಸಿ ಎಷ್ಟು ಬಗೆಯ ರುಚಿ ಮಾಡಬಹುದು ಎಂಬಂಥ ಲೆಕ್ಕ ಅಲ್ಲಿದೆ. ಒಂದೊಂದೇ ಆದರೆ 6, ಎರಡೆರಡು ಬೆರೆಸಿದರೆ 15, ಆಮೇಲೆ 20, 15, 6, 1, ಒಟ್ಟು 63. ಇಂದಿನ ಪ್ರಶ್ನೆಪತ್ರಿಕೆಯಲ್ಲಿ ಬರುವುದೂ ಇದೇ ಲೆಕ್ಕ.

ಇನ್ನು ವಿವಿಕ್ತ ಗಣಿತದ ಪರೀಕ್ಷೆಯ ತಯಾರಿಯ ಮಾತು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ರೂಢಿಯ ಪ್ರಶ್ನೆಪತ್ರಿಕೆಯಲ್ಲಿ ಐದು ಮಾಡ್ಯೂಲ್. ಪ್ರತಿಯೊಂದರಿಂದ ಒಂದು ಪೂರ್ಣ ಪ್ರಶ್ನೆಗೆ ಉತ್ತರಿಸಬೇಕು. ಮೂರು ಗಂಟೆ ಸಮಯ. ಅಂದರೆ ಒಂದು ಪ್ರಶ್ನೆಗೆ 36 ನಿಮಿಷ. ಪರೀಕ್ಷೆಯ ಹಿಂದಿನ ವಾರ ಹುಡುಗರು ‘ಪಾಸಿಂಗ್ ಪ್ಯಾಕೇಜ್’ ಎಂದು ಕೆಲವು ಪ್ರಶ್ನೆಗಳ ಉತ್ತರವನ್ನು ಬಾಯಿಪಾಠ ಮಾಡುತ್ತಾರೆ. ಬೇರೆ ವಿಷಯಗಳಲ್ಲಿ ಅದು ನಡೆದೀತು, ಇಲ್ಲಿ ನಡೆಯುವುದಿಲ್ಲ. ಪ್ರಶ್ನೆಯಲ್ಲಿ ಒಂದು ಪದ ಬದಲಾದರೆ ಉತ್ತರದ ದಾರಿಯೇ ಬದಲಾಗುತ್ತದೆ. ಎಣಿಕೆಯ ಲೆಕ್ಕಕ್ಕೆ ಸೂತ್ರ ಹುಡುಕುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ: ಕ್ರಮ ಮುಖ್ಯವೇ? ಒಂದನ್ನೇ ಮತ್ತೆ ಬಳಸಬಹುದೇ? ಅನುಮಾನ ಬಂದರೆ ಹತ್ತರ ಬದಲು ಮೂರು ವಸ್ತು ಇಟ್ಟುಕೊಂಡು ಎಲ್ಲವನ್ನೂ ಬರೆದು ಎಣಿಸಿ. 1ರಿಂದ 100ರವರೆಗೆ 2ರಿಂದ ಅಥವಾ 5ರಿಂದ ಭಾಗವಾಗುವ ಸಂಖ್ಯೆ ಎಷ್ಟು ಎಂದರೆ 50ಕ್ಕೆ 20 ಕೂಡಿಸಿ 70 ಎಂದು ಬರೆದು ಬರುವವರು ಬಹಳ. 10ರಿಂದ ಭಾಗವಾಗುವ 10 ಸಂಖ್ಯೆಗಳು ಎರಡು ಸಲ ಲೆಕ್ಕಕ್ಕೆ ಬಂದವಲ್ಲ, ಅವನ್ನು ಒಮ್ಮೆ ಕಳೆಯಬೇಕು, ಉತ್ತರ 60.

ಅಂಕ ಹೆಚ್ಚು ಸೋರುವುದು ಸಾಧನೆಯ ಪ್ರಶ್ನೆಗಳಲ್ಲಿ. ನಮ್ಮ ಏಳು ಚುಕ್ಕಿಗಳನ್ನೇ ತೆಗೆದುಕೊಳ್ಳಿ. ಮೂರು ದಿನ ಸಾಕು ಎಂದು ಪಟ್ಟಿ ಬರೆದು ತೋರಿಸಿದರೆ ಅರ್ಧ ಉತ್ತರ. ಮೂರಕ್ಕಿಂತ ಕಡಿಮೆ ಏಕೆ ಆಗದು ಎಂದು ಹೇಳಿದಾಗಲೇ ಅದು ಪೂರ್ಣ. ಗಣಿತೀಯ ಅನುಗಮನದಲ್ಲೂ, ಅಂದರೆ ಇಂಡಕ್ಷನ್‌ನಲ್ಲೂ ಹಾಗೇ: ಮೊದಲ ಹೆಜ್ಜೆಯನ್ನು ಪರೀಕ್ಷಿಸದೆ ಎರಡನೆಯದಕ್ಕೆ ಹಾರಿದರೆ ಸಾಧನೆ ನಿಲ್ಲುವುದಿಲ್ಲ. ಪುಸ್ತಕದ ಸಾಧನೆಯನ್ನು ಒಮ್ಮೆ ಓದಿ, ಮುಚ್ಚಿಟ್ಟು, ಬಿಳಿ ಹಾಳೆಯ ಮೇಲೆ ನೀವೇ ಬರೆಯಿರಿ. ಎಲ್ಲಿ ಪೆನ್ ನಿಂತಿತೋ ಅಲ್ಲಿ ನಿಮಗೆ ಅರ್ಥವಾಗಿಲ್ಲ. ಮೂರು ದಿನ ಬಿಟ್ಟು ಅದನ್ನೇ ಇನ್ನೊಮ್ಮೆ ಬರೆಯಿರಿ. ತರ್ಕದ ಪಾಠ ಗಟ್ಟಿಯಾಗದೆ ಅನುಗಮನಕ್ಕೆ ಕೈ ಹಾಕಬೇಡಿ, ಸಂಬಂಧಗಳನ್ನು, ಅಂದರೆ ರಿಲೇಷನ್‌ಗಳನ್ನು ಬಿಟ್ಟು ಉತ್ಪನ್ನಗಳಿಗೆ, ಅಂದರೆ ಫಂಕ್ಷನ್‌ಗಳಿಗೆ ಹೋಗಬೇಡಿ.

ಬಣ್ಣ ಹಚ್ಚುವ ಲೆಕ್ಕ ಘರ್ಷಣೆಯನ್ನು ತಪ್ಪಿಸುತ್ತದೆ, ದಣಿವನ್ನಲ್ಲ. ಇಂದು ಮಧ್ಯಾಹ್ನ ಒಂದು, ನಾಳೆ ಬೆಳಿಗ್ಗೆ ಇನ್ನೊಂದು ಕಠಿಣ ಪೇಪರ್ ಇದ್ದರೆ ಗಣಿತದ ಮಟ್ಟಿಗೆ ತಪ್ಪಿಲ್ಲ; ರಾತ್ರಿ ಬಸ್ಸಿನಲ್ಲಿ ಊರು ಸೇರಿ ಮತ್ತೆ ಬೆಳಿಗ್ಗೆ ಹೊರಡುವವರಿಗೆ ಅದು ದೊಡ್ಡ ತೊಂದರೆ. ಪಟ್ಟಿ ಮಾಡುವವರು ಆ ಅಂತರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ತಾತ್ಕಾಲಿಕ ವೇಳಾಪಟ್ಟಿ ಪ್ರಕಟವಾದ ದಿನವೇ ನಿಮ್ಮ ಎಲ್ಲ ವಿಷಯಗಳನ್ನೂ, ಬಾಕಿ ಉಳಿದ ಪೇಪರುಗಳನ್ನೂ ಸೇರಿಸಿ ಅದರೊಂದಿಗೆ ತಾಳೆ ನೋಡಿ. ಎರಡು ಪೇಪರ್ ಒಂದೇ ಹೊತ್ತಿಗೆ ಬಿದ್ದಿದ್ದರೆ ಸುಮ್ಮನಿರಬೇಡಿ. ವಿಷಯದ ಹೆಸರು, ಕೋಡ್, ದಿನಾಂಕ ಬರೆದು ಕಾಲೇಜಿನ ಮೂಲಕ ಪರೀಕ್ಷಾ ವಿಭಾಗಕ್ಕೆ ತಕ್ಷಣ ತಿಳಿಸಿ. ಪಟ್ಟಿ ಅಂತಿಮವಾದ ಮೇಲೆ ಅದನ್ನು ಬದಲಿಸುವುದು ಬಹಳ ಕಷ್ಟ.