ಹಳೆಯ ಜೋಡುನಳಿಗೆ ಕೋವಿ: ಮನೆಯಲ್ಲಿ ಬಿಚ್ಚುವುದೆಷ್ಟು, ಬಿಡುವುದೆಷ್ಟು?



ಕೊಡಗಿನಲ್ಲಿ ನಾಟಿ ಮುಗಿದ ಮೇಲೆ ಬರುವ ಕೈಲ್ ಮುಹೂರ್ತಕ್ಕೆ ಕೋವಿಗಳನ್ನು ಒರೆಸಿ, ತೋಕ್ ಪೂವಿನಿಂದ ಸಿಂಗರಿಸಿ ಪೂಜಿಸುವುದು ವಾಡಿಕೆ. ತೆಂಗಿನಕಾಯಿಗೆ ಈಡು ಹೊಡೆಯುವ ಪಂದ್ಯವೂ ಆ ಹಬ್ಬದ್ದೇ. ಮೂರು ತಿಂಗಳ ಮಳೆಯ ತೇವ ಕಬ್ಬಿಣಕ್ಕೆ ಹತ್ತಿರುವುದೂ ಆಗಲೇ. ಮಲೆನಾಡಿನ ಬೆಳೆರಕ್ಷಣೆಯ ಕೋವಿಗಳ ಪಾಡೂ ಬೇರೆಯಲ್ಲ. ಇವುಗಳಲ್ಲಿ ಅಜ್ಜನ ಕಾಲದ ೧೨ ಬೋರಿನ ಇಂಗ್ಲಿಷ್ ಜೋಡುನಳಿಗೆಗಳ ವಿಚಾರವನ್ನು ಇಲ್ಲಿ ನೋಡೋಣ.

ಕೋವಿ ಖಾಲಿಯಿದೆಯೇ ಎಂದು ಮೊದಲು ಕಣ್ಣಿನಿಂದಲೂ ಬೆರಳಿನಿಂದಲೂ ನೋಡತಕ್ಕದ್ದು. ಜೋಡುನಳಿಗೆಯನ್ನು ಮಡಚಿದೊಡನೆ ತೋಟಾ ಕೂರುವ ಎರಡು ಗೂಡುಗಳೂ ಕಾಣುತ್ತವೆ. ಮುಂದಿನ ಹಿಡಿಯನ್ನು ಹಿಂದಕ್ಕೆಳೆದು ತೋಟಾ ಏರಿಸುವ ಪಂಪ್ ಕೋವಿಯಲ್ಲಿ ಹಾಗಲ್ಲ. ನಳಿಗೆ ಖಾಲಿಯಾದರೂ ಅದರ ಕೆಳಗಿನ ಕೊಳವೆಯಲ್ಲಿ ತೋಟಾ ಉಳಿದಿರಬಹುದು. ಶುಚಿಮಾಡುವ ಕೋಣೆಯಲ್ಲಿ ತೋಟಾಗಳೇ ಇರಬಾರದು.

ನಳಿಗೆಯ ಅಡಿಯಲ್ಲಿರುವ ಮರದ ತುಂಡನ್ನು ಅದರ ಚಿಲಕ ಬಿಡಿಸಿ ಕಳಚಬೇಕು. ಮೇಲಿನ ಸನ್ನೆಯನ್ನು ಪಕ್ಕಕ್ಕೆ ಒತ್ತಿ ಮಡಚಿದರೆ ನಳಿಗೆಗಳು ಕೀಲಿನಿಂದ ಎದ್ದು ಕೈಗೆ ಬರುತ್ತವೆ. ಹೀಗೆ ಮೂರು ತುಂಡಾಗಲು ಯಾವ ಸಲಕರಣೆಯೂ ಬೇಕಿಲ್ಲ. ಸ್ಕ್ರೂಡ್ರೈವರ್ ಬೇಕೆನಿಸಿದ ಜಾಗದಲ್ಲಿ ಮನೆಯ ಕೆಲಸ ಮುಗಿಯಿತೆಂದು ತಿಳಿಯಬೇಕು. ಹಳೆಯ ಕೋವಿಯ ತಿರುಪುಗಳ ಸೀಳು ಬಹಳ ಸಣ್ಣದು, ಪೇಟೆಯ ಸ್ಕ್ರೂಡ್ರೈವರಿಗೆ ಅದು ಕಿತ್ತುಹೋಗುತ್ತದೆ. ಒಳಗಿನ ಸ್ಪ್ರಿಂಗ್ ಸಿಡಿದರೆ ಕಣ್ಣಿಗೇ ಅಪಾಯ. ಅದೂ ಅಲ್ಲದೆ ೧೯೫೯ರ ಆಯುಧ ಕಾಯಿದೆಯ ಪ್ರಕಾರ ಕೋವಿ ರಿಪೇರಿ ಪರವಾನಗಿ ಪಡೆದವರ ಕೆಲಸ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ೨೦೧೯ರಲ್ಲಿ ವಿಸ್ತರಿಸಿದ ವಿನಾಯಿತಿ ೨೦೨೯ರವರೆಗೆ ಇದೆ. ಅವರೂ ರಿಪೇರಿಗೆ ಪರವಾನಗಿಯುಳ್ಳ ಅಂಗಡಿಗೇ ಹೋಗುವುದು ಕ್ಷೇಮ.

ತುಕ್ಕಿಗೆ ಮರಳು ಕಾಗದ ಹಾಕಿ ಉಜ್ಜುವವರಿದ್ದಾರೆ. ಇದು ತಪ್ಪು. ಕೋವಿಯ ಸಂಖ್ಯೆ ಅಳಿಸಿಹೋದರೆ ಅದೇ ಒಂದು ಅಪರಾಧವಾಗಿ ನಿಲ್ಲುತ್ತದೆ. ತೆಳು ಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು, ಅತಿ ನಯವಾದ ಉಕ್ಕಿನ ನಾರಿನಿಂದ ಮೆಲ್ಲಗೆ ಒರೆಸಿದರೆ ಸಾಕು. ಕಪ್ಪು ಮದ್ದಿನ ಮಸಿಯೂ ಹಳೆಯ ತೋಟಾಗಳ ಕೇಪಿನ ಉಪ್ಪೂ ಗಾಳಿಯ ತೇವವನ್ನು ಹೀರಿ ನಳಿಗೆಯನ್ನು ತಿನ್ನುತ್ತವೆ. ಎಣ್ಣೆಯಲ್ಲಿ ಉಪ್ಪು ಕರಗದು. ಬಿಚ್ಚಿದ ನಳಿಗೆಗೆ ಕುದಿನೀರು ಹೊಯ್ದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ ಹಚ್ಚಬೇಕು. ಕೊಬ್ಬರಿ ಎಣ್ಣೆ ಬೇಡ. ಸುಮಾರು ೨೪ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ಮಲೆನಾಡಿನ ಚಳಿಗೆ ಅಷ್ಟು ಸಾಕು. ಹೊಲಿಗೆ ಯಂತ್ರದ ಎಣ್ಣೆ ಮೇಲು. ಮರದ ಹಿಡಿಗೆ ಅಗಸೆ ಎಣ್ಣೆಯನ್ನು ತೆಳುವಾಗಿ ತಿಕ್ಕಬಹುದು. ಆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಹುಲ್ಲಿನ ಬಳಿ ಎಸೆಯಬಾರದು, ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲದು.

ಇಷ್ಟಾದರೆ ಕೋವಿ ಹೊಳೆಯುತ್ತದೆ, ನಿಜ. ಹೊಳೆಯುವ ಕೋವಿಯೆಲ್ಲ ಹಾರಿಸುವ ಕೋವಿಯಲ್ಲ. ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಬೇಕು. ಕಡಜ ಕಟ್ಟಿದ ಮಣ್ಣಿನ ಗೂಡೊಂದು ಸಾಕು, ನಳಿಗೆ ಸೀಳಲು. ಹೊರಮೈಯಲ್ಲಿ ಸುರುಳಿ ಸುರುಳಿ ಗೆರೆ ಕಂಡರೆ ಅದು ಡಮಾಸ್ಕಸ್ ನಳಿಗೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಸುತ್ತಿ ಬಡಿದು ಬೆಸೆದದ್ದು. ಬೆಸುಗೆಯೊಳಗೆ ತುಕ್ಕು ಹಿಡಿದಿದ್ದರೆ ಹೊರಗೆ ಕಾಣದು. ಇಂತಹ ನಳಿಗೆಗಳಲ್ಲಿ ಹೆಚ್ಚಿನವು ಕಪ್ಪು ಮದ್ದಿನ ಕಾಲದವು.

ಇನ್ನೊಂದು ಅಪಾಯ ತೋಟಾದ ಉದ್ದದಲ್ಲಿದೆ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಗೂಡಿನ ಉದ್ದ ಸಾಮಾನ್ಯವಾಗಿ ೬೫ ಮಿ.ಮೀ.; ಈಗಿನ ತೋಟಾ ೭೦ ಮಿ.ಮೀ. ಆ ೭೦ ಎಂಬುದು ಹಾರಿದ ಮೇಲೆ ಬಾಯಿ ಬಿಚ್ಚಿಕೊಂಡ ತೋಟಾದ ಉದ್ದ. ಬಾಯಿ ಮಡಚಿರುವಾಗ ಅದು ಗಿಡ್ಡ, ಆದ್ದರಿಂದ ಸಣ್ಣ ಗೂಡಿನಲ್ಲಿಯೂ ಸಲೀಸಾಗಿ ಕೂರುತ್ತದೆ. ಹಾರುವಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ಆಗ ಎಡಗೈ ಇರುವುದು ಆ ನಳಿಗೆಯ ಕೆಳಗೇ.

ಆದುದರಿಂದ ಬಿಚ್ಚಿದಾಗಲೇ ನಳಿಗೆಯ ಬುಡದ ಅಡಿಭಾಗ ನೋಡಿಕೊಳ್ಳಿ. ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್ ಪರೀಕ್ಷಾಲಯದ ಮುದ್ರೆಗಳು ಅಲ್ಲಿರುತ್ತವೆ. ಕಿರೀಟದ ಕೆಳಗೆ 'ಎನ್.ಪಿ.' ಎಂದಿದ್ದರೆ ಹೊಗೆರಹಿತ ಮದ್ದಿಗೆ ಅದನ್ನು ಒಮ್ಮೆ ಪರೀಕ್ಷಿಸಿದ್ದಾರೆ. ಆಮೇಲೆ ಹಿಡಿದ ತುಕ್ಕಿನ ಲೆಕ್ಕ ಆ ಮುದ್ರೆಯಲ್ಲಿಲ್ಲ. ಗೂಡಿನ ಉದ್ದವನ್ನೂ ನಳಿಗೆಯ ದಪ್ಪವನ್ನೂ ಅಳೆಯುವ ಉಪಕರಣ ಕೋವಿ ರಿಪೇರಿಯವರಲ್ಲಿರಬೇಕು. ನಾಟಿಯ ಗಡಿಬಿಡಿಗೆ ಮುಂಚೆ, ಮೇ ತಿಂಗಳಲ್ಲಿಯೇ ಕೋವಿಯನ್ನು ಅವರಿಗೆ ತೋರಿಸಿ ಅಳೆಯಿಸಿಕೊಳ್ಳಿ. ಅಲ್ಲಿಯವರೆಗೆ ಹಬ್ಬದ ಪಂದ್ಯಕ್ಕೆ ಬೇರೆ ಕೋವಿ ಹಿಡಿಯಿರಿ.