ಕಲ್ನಾರು ಶೀಟು ಇಳಿಸುವ ಮುನ್ನ
(ಗಿರಣಿ ಕಾರ್ಮಿಕರ ಓಣಿಯ ಸಭೆಯಲ್ಲಿ ಮಾಡಿದ ಭಾಷಣ)



ಮಳೆಗಾಲಕ್ಕೆ ಮುಂಚೆ ಮನೆಯ ಮೇಲಿನ ಹಳೆಯ ಶೀಟು ತೆಗೆಸಬೇಕೆಂದು ನಿಮ್ಮಲ್ಲಿ ಅನೇಕರು ಹೇಳುತ್ತಿದ್ದೀರಿ. ತೆಗೆಸಿರಿ, ನಾವು ಬೇಡವೆನ್ನುವುದಿಲ್ಲ. ಆದರೆ ಸುತ್ತಿಗೆ ಎತ್ತುವ ಮುನ್ನ ನಾಲ್ಕು ಮಾತು ಕೇಳಿ.

ಸಿಮೆಂಟ್ ಶೀಟು ಎಂದು ನಾವು ಕರೆಯುವುದು ಬರಿಯ ಸಿಮೆಂಟಲ್ಲ. ಅದರಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಬೆರೆತಿದೆ. ಅದು ನೂಲಿನಂತೆ ಎಳೆ ಬಿಡುವ ಕಲ್ಲು. ಕಾರ್ಡಿಂಗ್ ಖಾತೆಯಲ್ಲಿ ಹಾರುವ ಹತ್ತಿಯ ಧೂಳು ನಿಮ್ಮ ಕಣ್ಣಿಗಾದರೂ ಕಾಣುತ್ತದೆ. ಇದರ ಎಳೆ ಕಾಣುವುದಿಲ್ಲ. ಉಸಿರಿನೊಡನೆ ಹೋಗಿ ಶ್ವಾಸಕೋಶದಲ್ಲಿ ಬಹುಕಾಲ ಉಳಿಯುತ್ತದೆ. 10 ವರ್ಷಕ್ಕೋ 40 ವರ್ಷಕ್ಕೋ ರೋಗವಾಗಿ ಏಳುತ್ತದೆ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಬೀಡಿ ಸೇದುವವರಿಗೆ ಅಪಾಯ ಇನ್ನೂ ಹೆಚ್ಚು.

ಇದು ನಿನ್ನೆ ಮೊನ್ನೆಯ ಸುದ್ದಿಯಲ್ಲ. ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ ಕಲ್ನಾರನ್ನೇ ನೂಲುವ ಗಿರಣಿಯಿತ್ತು. ಅಲ್ಲಿ ದುಡಿದ ನೆಲ್ಲಿ ಕೆರ್ಷಾ ಎಂಬ ಹೆಣ್ಣುಮಗಳು 1924ರಲ್ಲಿ, 33ನೆಯ ವಯಸ್ಸಿಗೆ, ತೀರಿಕೊಂಡಳು. ಆಕೆಯ ಶ್ವಾಸಕೋಶದಲ್ಲಿ ಕಲ್ನಾರಿನ ಚೂರುಗಳಿದ್ದುವೆಂದು ವೈದ್ಯರು ತೋರಿಸಿದರು. ಮಾಲೀಕರು ಪರಿಹಾರ ಕೊಡಲಿಲ್ಲ. ಬ್ರಿಟನ್ ಈ ವಸ್ತುವನ್ನು ಪೂರ್ತಿ ನಿಷೇಧಿಸಿದ್ದು 1999ರಲ್ಲಿ. ಲೆಕ್ಕ ಹಾಕಿಕೊಳ್ಳಿ, 75 ವರ್ಷ! ನಮ್ಮಲ್ಲಿ 1995ರಲ್ಲಿ ಸುಪ್ರೀಂ ಕೋರ್ಟು ಕಲ್ನಾರು ಕಾರ್ಮಿಕರ ಆರೋಗ್ಯ ಅವರ ಮೂಲಭೂತ ಹಕ್ಕೆಂದು ತೀರ್ಪಿತ್ತಿತು. ಶೀಟು ಮಾತ್ರ ಇಂದಿಗೂ ಅಂಗಡಿಗೆ ಬರುತ್ತಲೇ ಇದೆ.

ಪರರ ದೋಷ ಎಣಿಸುವಾಗ ನಮ್ಮದನ್ನೂ ಒಪ್ಪಬೇಕು. ನಾವು ಮೇಷ್ಟ್ರಾಗಿದ್ದಾಗ ಗಾಳಿಮಳೆಗೆ ಶಾಲೆಯ ಶೀಟು ಒಡೆದು ಬಿತ್ತು. ಹುಡುಗರ ಕೈಗೆ ಪೊರಕೆ ಕೊಟ್ಟು ಗುಡಿಸಿಸಿದವರು ನಾವೇ. ಪಾಠ ಬೇಗ ಶುರುವಾಯಿತೆಂದು ಸಂತೋಷವನ್ನೂ ಪಟ್ಟೆವು. ಆ ಹುಡುಗರಿಗೆ ಈಗ ಇಪ್ಪತ್ತರ ಆಸುಪಾಸು.

ಗಟ್ಟಿಯಾಗಿರುವ ಶೀಟು ತನ್ನಷ್ಟಕ್ಕೆ ಇದ್ದರೆ ಧೂಳು ಬಹಳ ಕಡಿಮೆ. ಅದನ್ನು ಕೊರೆಯಬೇಡಿ, ತಂತಿ ಬ್ರಷ್ಷಿನಿಂದ ಪಾಚಿ ಉಜ್ಜಬೇಡಿ. ಇಳಿಸಲೇಬೇಕಾದರೆ ಕೆಲಸ ಬಲ್ಲವರಿಂದಲೇ ಇಳಿಸಿ. ಗಾಳಿಯಿಲ್ಲದ ದಿನ ನೋಡಿ, ಮಕ್ಕಳು ಮುದುಕರನ್ನು ಬೇರೆಡೆಗೆ ಕಳಿಸಿ, ಹಾಸಿಗೆ ಪಾತ್ರೆಗಳನ್ನು ಹೊರಗೆ ಸಾಗಿಸಿ. ವಿದ್ಯುತ್ ಬಂದ್ ಮಾಡಿ ಶೀಟಿಗೆ ಸೋಪು ಬೆರೆಸಿದ ನೀರನ್ನು ಚಿಮುಕಿಸಿ. ಕೆಲಸ ಮುಗಿಯುವವರೆಗೂ ಅದು ಒದ್ದೆಯಿರಬೇಕು. ಶೀಟಿನ ಮೇಲೆ ಯಾರೂ ಕಾಲಿಡಕೂಡದು. ಹಳೆಯ ಶೀಟು ಮುರಿದು ಮೇಲಿನಿಂದ ಬಿದ್ದು ಸತ್ತವರಿದ್ದಾರೆ. ಅಟ್ಟಣೆ ಕಟ್ಟಿ ನಿಂತು ಕೆಲಸ ಮಾಡಬೇಕು. ತುಕ್ಕು ಹಿಡಿದ ಬೋಲ್ಟು ಬಿಚ್ಚದಿದ್ದರೆ ಬೋಲ್ಟನ್ನೇ ಕೊಯ್ಯಿರಿ, ಶೀಟನ್ನಲ್ಲ. ಒಂದೊಂದನ್ನೇ ಇಡಿಯಾಗಿ ಕೈಯಿಂದ ಕೈಗೆ ಇಳಿಸಿ. ಮೇಲಿನಿಂದ ಎಸೆಯುವುದು ಎಲ್ಲಕ್ಕಿಂತ ಕೆಟ್ಟದ್ದು.

ಮೂಗಿಗೆ ಟವೆಲು ಕಟ್ಟಿದರೆ ಸಾಲದು. ಮುಖಕ್ಕೆ ಬಿಗಿಯಾಗಿ ಕೂರುವ, ಸಣ್ಣ ಧೂಳನ್ನು ತಡೆಯುವ ಮಾಸ್ಕೇ ಬೇಕು. ಪೊರಕೆ ಮುಟ್ಟದೆ ಒದ್ದೆ ಬಟ್ಟೆಯಿಂದ ಒರೆಸಿ. ಆ ಬಟ್ಟೆಯನ್ನೂ ಶೀಟನ್ನೂ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ ಅಂಟಿಸಿ, ಮೇಲೆ ಕಲ್ನಾರು ಎಂದು ಬರೆಯಿರಿ. ಕೆಲಸದ ಅಂಗಿಯನ್ನು ಮನೆಗೆ ಒಯ್ದು ಹೆಂಡತಿಯಿಂದ ಒಗೆಸಬೇಡಿ. ಗಂಡನ ಅಂಗಿ ಒಗೆದೇ ರೋಗ ಹತ್ತಿಸಿಕೊಂಡ ಹೆಂಗಸರು ಪರದೇಶಗಳಲ್ಲಿ ಎಷ್ಟೋ ಮಂದಿ. ಮುರಿದ ಚೂರುಗಳನ್ನು ಗುಂಡಿ ತುಂಬುವುದಕ್ಕೂ ಕೋಳಿಗೂಡಿಗೂ ಬಳಸಕೂಡದು.

ಅಂಗಡಿಕಾರ ಮಿತ್ರರಿಗೂ ಒಂದು ಮಾತು. ಗಿರಾಕಿ ಕೇಳಿದನೆಂದು ಅಂಗಡಿ ಮುಂದೆ ಯಂತ್ರದ ಗರಗಸದಿಂದ ಶೀಟು ಕೊಯ್ಯಬೇಡಿ. ಮೊದಲ ಧೂಳು ಕುಡಿಯುವವರು ನೀವು, ಆಮೇಲೆ ನಿಮ್ಮ ಆಳು.

ಇನ್ನು ಖರ್ಚಿನ ಪ್ರಶ್ನೆ. ಮಾಸ್ಕು, ಪ್ಲಾಸ್ಟಿಕ್ಕು, ಅಟ್ಟಣೆ, ಎರಡು ದಿನದ ಕೂಲಿ ಯಾರು ಕೊಡಬೇಕು? ಬಾಡಿಗೆ ಎಣಿಸಿಕೊಳ್ಳುವವರು ಕೊಡಬೇಕು. ಅಗ್ಗವಾಗಲೆಂದು ಕೂಲಿಯವನ ಕೈಗೆ ಬರಿಯ ಸುತ್ತಿಗೆ ಕೊಡುವುದನ್ನು ನಾವು ಒಪ್ಪುವುದಿಲ್ಲ. ಸುತ್ತಿಟ್ಟ ಶೀಟನ್ನು ಎಲ್ಲಿಗೆ ಸಾಗಿಸಬೇಕೆಂಬುದನ್ನು ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ಕೇಳಿ ತಿಳಿಸಿ, ಪ್ರತ್ಯೇಕ ವಾಹನ ಕೊಡಬೇಕೆಂದು ನಗರಸಭೆಗೆ ಅರ್ಜಿ ಬರೆದಿದ್ದೇವೆ. ಅರ್ಜಿ ಈ ಮೇಜಿನ ಮೇಲಿದೆ. ಓದಿ ನೋಡಿ, ಒಪ್ಪಿಗೆಯಾದರೆ ಮನೆ ನಂಬರು ಬರೆದು ಸಹಿ ಹಾಕಿ.